ಹಲ್ಲಿಗಿಂತ ಸಂದಿ ಮುಖ್ಯ

ಹೊಸದಾಗಿ ಬ್ಯಾಂಡ್‌ಸಾ ಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಆರು ಇಂಚು ಅಗಲದ ತೇಗದ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಎರಡಾಗಿ ಸೀಳಲು ಹೊರಟರೆ ಮೇಲೆ ಗೆರೆ ಸರಿಯಾಗಿಯೇ ಹೋಗುತ್ತದೆ, ಕೆಳಗೂ ಅಂಥ ತಪ್ಪು ಕಾಣುವುದಿಲ್ಲ. ಬಿಡಿಸಿ ನೋಡಿದರೆ ಒಂದು ಹೋಳಿನ ನಡು ಉಬ್ಬಿದೆ, ಇನ್ನೊಂದರದ್ದು ತಗ್ಗಿದೆ. ಅಲ್ಲಲ್ಲಿ ಸುಟ್ಟ ಕಪ್ಪು ಗುರುತು ಬೇರೆ. ಮೋಟಾರಿಗೆ ತಾಕತ್ತಿಲ್ಲ, ಯಂತ್ರ ಮಾರಿದವನು ಟೋಪಿ ಹಾಕಿದ ಎಂಬ ಬೈಗುಳ ಅಲ್ಲಿಂದ ಶುರು. ಬಹಳ ಸಲ ಯಂತ್ರದ ತಪ್ಪು ಏನೂ ಇರುವುದಿಲ್ಲ. ಅದರ ಜೊತೆಗೇ ಬಂದ ಬ್ಲೇಡನ್ನು ಯಾರೂ ಬದಲಿಸಿರುವುದಿಲ್ಲ, ಅಷ್ಟೆ.

ಬ್ಯಾಂಡ್‌ಸಾದಲ್ಲಿ ಯಂತ್ರ ಅನ್ನುವಂಥದ್ದು ಇರುವುದೇ ಕಡಿಮೆ. ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಸುತ್ತಿಕೊಂಡ ಹಲ್ಲುಳ್ಳ ಉಕ್ಕಿನ ಪಟ್ಟಿ, ಮರ ಇಡಲು ಒಂದು ಮೇಜು. ಸಣ್ಣ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ಕಾಣುವುದು 14 ಇಂಚಿನ ಚಕ್ರದ್ದು. ಅದರ ಬ್ಲೇಡು ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಕೆಳಕ್ಕೆ ಓಡುತ್ತದೆ. ಉಳಿದದ್ದೆಲ್ಲ ಬ್ಲೇಡಿನ ಕೆಲಸ.

ಬ್ಲೇಡು ಆರಿಸುವಾಗ ಎಲ್ಲರ ಕಣ್ಣು ಹಲ್ಲಿನ ಮೇಲೆ. ಹಲ್ಲು ಹೆಚ್ಚಿದ್ದಷ್ಟೂ ಕೊಯ್ತ ನುಣುಪು ಎಂಬುದು ಕೈಗರಗಸದ ಕಾಲದ ತಿಳಿವಳಿಕೆ, ಸುಳ್ಳೇನಲ್ಲ. ಆದರೆ ದಪ್ಪ ಮರ ಸೀಳುವಾಗ ಲೆಕ್ಕಕ್ಕೆ ಬರುವುದು ಎರಡು ಹಲ್ಲಿನ ನಡುವಿನ ಸಂದಿ. ಹಲ್ಲು ಕುಡುಗೋಲಾದರೆ ಸಂದಿ ಬುಟ್ಟಿ. ಹಲ್ಲು ಮೇಲೆ ಮರದೊಳಗೆ ಹೊಕ್ಕ ಕ್ಷಣದಿಂದ ಕೆಳಗೆ ಹೊರಬೀಳುವ ತನಕ ಕೆರೆದ ಹೊಟ್ಟನ್ನೆಲ್ಲ ಆ ಸಂದಿಯೇ ಹೊತ್ತು ತರಬೇಕು. ನಡುದಾರಿಯಲ್ಲಿ ಸುರಿಯಲು ಜಾಗವಿಲ್ಲ. ಸಾಲದ್ದಕ್ಕೆ, ಗಟ್ಟಿಯಾಗಿದ್ದ ಮರ ಹೊಟ್ಟಾದ ಮೇಲೆ ಹಲವು ಪಟ್ಟು ಜಾಗ ಕೇಳುತ್ತದೆ.

ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ ಒಂದು ಮೀಟರಿನಂತೆ ಹಲಗೆಯನ್ನು ತಳ್ಳುತ್ತಿದ್ದೀರಿ. ಬ್ಲೇಡಿನಲ್ಲಿ ಇಂಚಿಗೆ 3 ಹಲ್ಲಿದ್ದರೆ ಸೆಕೆಂಡಿಗೆ ಸುಮಾರು 1,770 ಹಲ್ಲು ಮರಕ್ಕೆ ಬೀಳುತ್ತವೆ. ಒಂದೊಂದರ ಪಾಲಿಗೆ ಸಿಗುವ ಮರ 9 ಮೈಕ್ರಾನ್ ದಪ್ಪ. ಇಂಚಿಗೆ 12 ಹಲ್ಲಾದರೆ ಪಾಲು 2 ಮೈಕ್ರಾನಿನ ಆಸುಪಾಸಿಗೆ ಇಳಿಯುತ್ತದೆ. ಹೊಸ ಹಲ್ಲಿನ ಮೊನೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗೇ ಇರುತ್ತದೆ. ಇಷ್ಟು ತೆಳುವಾದ ಪದರವನ್ನು ಅದು ಕಚ್ಚುವುದಿಲ್ಲ, ಉಜ್ಜುತ್ತದೆ. ಕಪ್ಪು ಗುರುತಿನ ಒಂದು ಮೂಲ ಇಲ್ಲಿದೆ. ಇನ್ನು ಸಂದಿಯ ಕಡೆ ನೋಡಿ: ಆಕಾರ ಒಂದೇ ಇದ್ದರೆ, 12 ಹಲ್ಲಿನ ಬ್ಲೇಡಿಗೆ ಹೋಲಿಸಿದಾಗ 3 ಹಲ್ಲಿನದರ ಪ್ರತಿ ಸಂದಿಯೂ 16 ಪಟ್ಟು ದೊಡ್ಡದು. ಅದು ಹೊರಬೇಕಾದ ಹೊಟ್ಟು ಮಾತ್ರ 4 ಪಟ್ಟು. ಒರಟಾಗಿ ಕಾಣುವ ಬ್ಲೇಡು ಸಲೀಸಾಗಿ ಸೀಳುವ ಗುಟ್ಟು ಇದು.

ಸಂದಿ ತುಂಬಿಹೋದರೆ ಏನಾಗುತ್ತದೆ? ಹೊಟ್ಟು ಬ್ಲೇಡಿನ ಎರಡೂ ಮಗ್ಗುಲಿಗೆ ನುಗ್ಗಿ ಬಿಗಿಯುತ್ತದೆ, ಹಲ್ಲಿಗೆ ಮರ ಎಟಕುವುದಿಲ್ಲ, ಕೊಯ್ತ ನಿಧಾನವಾಗುತ್ತದೆ. ಆಗ ನಾವು ಮಾಡುವುದೇನು? ಇನ್ನೂ ಜೋರಾಗಿ ತಳ್ಳುತ್ತೇವೆ. ಬ್ಲೇಡು ಹಿಂದಕ್ಕೆ ಬಾಗಿ, ಬಾಗಲು ಜಾಗ ಸಾಲದೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಮೇಲೆ ಕೆಳಗೆ ಬ್ಲೇಡನ್ನು ಅಲುಗದಂತೆ ಹಿಡಿಯುವ ಗೈಡುಗಳು ಇರುವುದರಿಂದ ಅಲ್ಲಿ ಗೆರೆ ನೇರ, ಹಿಡಿತವಿಲ್ಲದ ನಡುವಿನಲ್ಲಿ ಉಬ್ಬು.

ಹಾಗೆಂದು ಇಂಚಿಗೆ 3 ಹಲ್ಲಿನದನ್ನು ಎಲ್ಲಕ್ಕೂ ಬಳಸಲಾಗದು. ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲು ಮರದೊಳಗಿರಬೇಕು. ಕಾಲು ಇಂಚಿನ ಪ್ಲೈವುಡ್ಡಿಗೆ ಈ ಬ್ಲೇಡು ಹಚ್ಚಿದರೆ ಒಂದು ಹಲ್ಲೂ ಪೂರ್ತಿ ಒಳಗಿರದೆ, ಎಡವಿ ಎಡವಿ ಅಂಚು ಕಿತ್ತುಹಾಕುತ್ತದೆ.

ಅಗಲದ ಮಾತು ಬೇರೆ. ತಳ್ಳಿದಾಗ ಹಿಂದಕ್ಕೆ ಬಾಗದೆ ನಿಲ್ಲುವ ಬಿಗುಪು ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ: ಕಾಲು ಇಂಚಿನ ಬ್ಲೇಡಿಗಿಂತ ಅಷ್ಟೇ ದಪ್ಪದ ಅರ್ಧ ಇಂಚಿನದು ಎಂಟು ಪಟ್ಟು ಬಿಗುಪು. ತಿರುವಿನಲ್ಲಿ ಅದು ಸೋಲುತ್ತದೆ. ಕಾಲು ಇಂಚಿನದು ಸುಮಾರು 16 ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತೆಗೆದರೆ, ಅರ್ಧ ಇಂಚಿನದಕ್ಕೆ 64 ಮಿಲಿಮೀಟರ್ ಬೇಕು. ಹಾಗಾದರೆ ಸೀಳಲು ಮುಕ್ಕಾಲು ಇಂಚಿನದೇ ಇರಲಿ ಎನ್ನುವವರುಂಟು. ಅರ್ಧ ಇಂಚಿನ ಸಾಮಾನ್ಯ ಕಾರ್ಬನ್ ಬ್ಲೇಡನ್ನು ಸರಿಯಾಗಿ ಬಿಗಿದರೆ ಮೇಲಿನ ಚಕ್ರದ ಮೇಲೆ ಬೀಳುವ ಎಳೆತ ಸುಮಾರು 160 ಕಿಲೋ. ಮುಕ್ಕಾಲು ಇಂಚಿನ ಬೈಮೆಟಲ್ (ಎರಡು ಬಗೆಯ ಉಕ್ಕಿನ) ಬ್ಲೇಡಿಗೆ ಅದು 400 ಕಿಲೋ ದಾಟುತ್ತದೆ. 14 ಇಂಚಿನ ಯಂತ್ರದ ಚೌಕಟ್ಟು ಇದನ್ನು ತಾಳುವುದು ಅಪರೂಪ. ಸಡಿಲವಾದ ಅಗಲ ಬ್ಲೇಡಿಗಿಂತ ಬಿಗಿಯಾದ ಅರ್ಧ ಇಂಚಿನದೇ ವಾಸಿ.

ದಪ್ಪದ್ದೂ ಒಂದು ಮಿತಿ ಇದೆ. ಚಕ್ರವನ್ನು ಸುತ್ತುವಾಗಲೆಲ್ಲ ಬ್ಲೇಡು ಬಾಗಿ ಮತ್ತೆ ನೆಟ್ಟಗಾಗಬೇಕು. 14 ಇಂಚಿನ ಯಂತ್ರದಲ್ಲಿ ಒಂದು ಗಂಟೆಗೆ ಬ್ಲೇಡಿನ ಪ್ರತಿ ಬಿಂದುವೂ 46 ಸಾವಿರ ಸಲ ಹೀಗೆ ಬಾಗುತ್ತದೆ. ಬ್ಲೇಡು ದಪ್ಪವಾದಷ್ಟೂ, ಚಕ್ರ ಚಿಕ್ಕದಾದಷ್ಟೂ ಉಕ್ಕಿನ ಮೇಲಿನ ಒತ್ತಡ ಹೆಚ್ಚು, 0.6 ಮಿಲಿಮೀಟರ್ ದಪ್ಪಕ್ಕೆ ಬಾಗುವುದರಿಂದ ಹುಟ್ಟುವ ಒತ್ತಡವೇ ಬಿಗಿತದ್ದಕ್ಕಿಂತ ಮೂರು ಪಟ್ಟು. ಸಂದಿಯ ತಳದಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ಒಂದು ದಿನ ಟಪ್ಪೆಂದು ತುಂಡಾಗುತ್ತದೆ. ಸಾಮಿಲ್ಲುಗಳಲ್ಲಿ ಅಗಲವಾದ, ದಪ್ಪನೆಯ ಬ್ಲೇಡು ಓಡುವುದು ಅಲ್ಲಿನ ಚಕ್ರಗಳು ಮೂರು ನಾಲ್ಕು ಅಡಿಯವು ಎಂಬ ಕಾರಣಕ್ಕೆ. ಬ್ಯಾಂಡ್‌ಸಾ ಬಹುಕಾಲ ಕಾಗದದ ಮೇಲೇ ಉಳಿದದ್ದಕ್ಕೂ ಬ್ಲೇಡೇ ಕಾರಣ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಎರಡು ತುದಿ ಸೇರಿಸಿದ ಬೆಸುಗೆ ಈ ಬಾಗಾಟಕ್ಕೆ ನಿಲ್ಲುತ್ತಿರಲಿಲ್ಲ. 1846ರಲ್ಲಿ ಆನ್ ಪಾಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ಬಾಳಿಕೆ ಬರುವ ಬೆಸುಗೆಯ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಪ್ಯಾರಿಸ್ಸಿನ ಪೆರಿನ್ ಕಂಪನಿ ಅದನ್ನು ಬಳಸಿ ಬ್ಯಾಂಡ್‌ಸಾವನ್ನು ನಿಜಕ್ಕೂ ಕೆಲಸಕ್ಕೆ ಹಚ್ಚಿತು.

ಇಷ್ಟು ತಾಪತ್ರಯ ಯಾಕೆ, ವೃತ್ತ ಗರಗಸವೇ ಸಾಕಲ್ಲ ಎನ್ನಬಹುದು. ಅದು ಪ್ರತಿ ಕೊಯ್ತಕ್ಕೂ 3 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ, ಬ್ಯಾಂಡ್‌ಸಾ ಸುಮಾರು 1 ಮಿಲಿಮೀಟರ್. 50 ಮಿಲಿಮೀಟರ್ ದಪ್ಪದ ಬೀಟೆಯ ತುಂಡಿನಲ್ಲಿ 5 ಮಿಲಿಮೀಟರಿನ ಹಾಳೆ ತೆಗೆಯುವುದಾದರೆ ಅಲ್ಲಿ ಆರು, ಇಲ್ಲಿ ಎಂಟು. ಬೀಟೆಯ ಬೆಲೆ ಗೊತ್ತಿದ್ದವರಿಗೆ ಮುಂದೆ ಹೇಳಬೇಕಿಲ್ಲ.

ಎರಡೇ ಬ್ಲೇಡು ಕೊಳ್ಳುವವರಿಗೆ ನನ್ನ ಸಲಹೆ: ಸೀಳಲು ಅರ್ಧ ಇಂಚು ಅಗಲದ, ಇಂಚಿಗೆ 3 ಹಲ್ಲಿನ, ಹಲ್ಲು ಮುಂದಕ್ಕೆ ಬಾಗಿದ ಹುಕ್ ಮಾದರಿಯದು, ತಿರುವು, ಸಣ್ಣಪುಟ್ಟ ಕೆಲಸಕ್ಕೆ ಕಾಲು ಇಂಚು ಅಗಲದ, ಇಂಚಿಗೆ 6 ಹಲ್ಲಿನದು. ಅಂಗಡಿಯವರು ಎರಡಕ್ಕೂ ಆಗುತ್ತದೆಂದು ಮೂರು ಎಂಟಾಂಶ ಇಂಚಿನದನ್ನು ಮುಂದೊಡ್ಡುತ್ತಾರೆ. ಸೀಳುವುದೂ ಅರೆಬರೆ, ತಿರುಗುವುದೂ ಅರೆಬರೆ.

ಉಕ್ಕಿನ ಆಯ್ಕೆ ಮರವನ್ನು ನೋಡಿ. ತೇಗದಲ್ಲಿ ಸಿಲಿಕಾ ಇದೆ, ಅಂದರೆ ಮರಳಿನದೇ ವಸ್ತು. ಕಾರ್ಬನ್ ಉಕ್ಕಿನ ಹಲ್ಲು ಅದಕ್ಕೆ ಬೇಗ ಮೊಂಡಾಗುತ್ತದೆ, ಮೊಂಡಾಗಿ ಬಿಸಿಯಾದರೆ 200 ಡಿಗ್ರಿಯ ಆಚೆ ಗಡಸುತನವನ್ನೂ ಕಳೆದುಕೊಳ್ಳುತ್ತದೆ. ಬೈಮೆಟಲ್ ಬ್ಲೇಡಿನ ಬೆನ್ನು ಸ್ಪ್ರಿಂಗಿನ ಉಕ್ಕು, ಹಲ್ಲಿನ ಮೊನೆ ಹೈಸ್ಪೀಡ್ ಸ್ಟೀಲು. ಅದು ಇನ್ನೂ ಹೆಚ್ಚಿನ ಕಾವನ್ನು ತಡೆಯುತ್ತದೆ. ಕಾರ್ಬೈಡ್ ಹಲ್ಲಿನದು ಎಲ್ಲಕ್ಕಿಂತ ಬಾಳಿಕೆಯದು, ಬೆಲೆಯಲ್ಲೂ ಎಲ್ಲಕ್ಕಿಂತ ಮುಂದೆ. ಆದರೆ ಕಾರ್ಬೈಡ್ ಪೆಡಸು. ಒಂದು ಮೊಳೆ ಸಿಕ್ಕರೆ ಹಲ್ಲು ಸಿಡಿದು ಹೋಗುತ್ತದೆ. ಕೆಡವಿದ ಹಳೇ ಮನೆಯ ತೊಲೆ, ಬಾಗಿಲವಾಡ ತಂದು ಸೀಳುವ ಅಭ್ಯಾಸವಿದ್ದವರು ಅಂಥ ಮರಕ್ಕೆಂದೇ ಒಂದು ಅಗ್ಗದ ಕಾರ್ಬನ್ ಬ್ಲೇಡನ್ನು ಗೋಡೆಗೆ ನೇತುಹಾಕಿಟ್ಟುಕೊಳ್ಳಿ.