ಚಳ್ಳಕೆರೆಯ ಪಾಸ್‌ಬುಕ್ಕಿಗೆ ಮುಂಬೈಯ ಕಾವಲು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಶಾಸನದ ಧರ್ಮಬೋಧೆ ಶಾಲೆಯ ಪಾಠದಲ್ಲೇ ಬರುತ್ತದೆ. ಅದರ ಒಕ್ಕಣೆಯನ್ನು ಗಮನಿಸುವವರು ಮಾತ್ರ ಕಡಿಮೆ. ಆಜ್ಞೆ ಚಕ್ರವರ್ತಿಯಿಂದ ನೇರವಾಗಿ ಇಲ್ಲಿಗೆ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಮೊದಲು ಇಲ್ಲಿನ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ರಾಜಧಾನಿ, ಪ್ರಾಂತ, ಊರು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಸುತ್ತೋಲೆ ಅದು. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ.

ಇವತ್ತು ಅದೇ ಸೀಮೆಯ ಬ್ಯಾಂಕುಗಳಿಗೆ ಮುಂಬೈಯಿಂದ ಸುತ್ತೋಲೆ ಬರುತ್ತದೆ. ಕಳಿಸುವುದು ಭಾರತೀಯ ರಿಸರ್ವ್ ಬ್ಯಾಂಕ್, ಅಂದರೆ ಆರ್‌ಬಿಐ. ಚಳ್ಳಕೆರೆಯಲ್ಲಿ ಶೇಂಗಾ ಬಿತ್ತಲು ಬೆಳೆಸಾಲ ಕೇಳುವ ರೈತನಾಗಲಿ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯ್ದು ನಾಲ್ಕು ಕಾಸು ಉಳಿಸುವ ನೇಕಾರರಾಗಲಿ ಆ ಕಚೇರಿಯನ್ನು ಕಂಡವರಲ್ಲ. ಆದರೆ ಅವರ ದುಡ್ಡಿನ ಕಾವಲು ಅಲ್ಲಿಂದಲೇ ಶುರುವಾಗುತ್ತದೆ. ಆ ಕಾವಲು ಇಲ್ಲಿಯವರೆಗೆ ಮುಟ್ಟುವುದು ಹೇಗೆ? ಎಲ್ಲೆಲ್ಲಿ ಮುಟ್ಟುವುದೇ ಇಲ್ಲ?

ಮೊದಲು ಮೇಲಿನ ಮೆಟ್ಟಿಲು. ಆರ್‌ಬಿಐ ಕೆಲಸ ಆರಂಭಿಸಿದ್ದು 1935ರ ಏಪ್ರಿಲ್ 1ರಂದು. ಆಗ ಅದು 5 ಕೋಟಿ ರೂಪಾಯಿ ಬಂಡವಾಳದ, ಖಾಸಗಿ ಷೇರುದಾರರ ಬ್ಯಾಂಕು. 1949ರ ಜನವರಿ 1ರಂದು ರಾಷ್ಟ್ರೀಕರಣವಾಯಿತು. ಅದರ ಚುಕ್ಕಾಣಿ ಹಿಡಿದಿರುವುದು ಕೇಂದ್ರ ಮಂಡಳಿ. ಗವರ್ನರ್, ನಾಲ್ವರು ಮೀರದಂತೆ ಡೆಪ್ಯುಟಿ ಗವರ್ನರುಗಳು, ಸರ್ಕಾರ ನಾಮಕರಣ ಮಾಡಿದ ಹತ್ತು ಮಂದಿ, ಇಬ್ಬರು ಸರ್ಕಾರಿ ಅಧಿಕಾರಿಗಳು, ನಾಲ್ಕು ಸ್ಥಳೀಯ ಮಂಡಳಿಗಳಿಂದ ಒಬ್ಬೊಬ್ಬರು: ಹೆಚ್ಚೆಂದರೆ 21 ಜನ. ವರ್ಷಕ್ಕೆ ಕನಿಷ್ಠ ಆರು ಸಲ ಇವರು ಸೇರಲೇಬೇಕು ಎಂಬುದು ಕಾಯ್ದೆಯ ಮಾತು. ಮುಂಬೈ, ಕೋಲ್ಕತ್ತ, ಚೆನ್ನೈ, ದೆಹಲಿಯ ಸ್ಥಳೀಯ ಮಂಡಳಿಗಳ ಕೆಲಸ ಸಲಹೆ ಕೊಡುವುದೇ ಹೊರತು ಬ್ಯಾಂಕುಗಳ ಲೆಕ್ಕ ತೆಗೆಸುವುದಲ್ಲ.

ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ರಚನೆಯೇ ಬೇರೆ. ಅಲ್ಲಿ ಏಳು ಮಂದಿಯ ಆಡಳಿತ ಮಂಡಳಿಯ ಕೆಳಗೆ ಹನ್ನೆರಡು ಪ್ರಾದೇಶಿಕ ರಿಸರ್ವ್ ಬ್ಯಾಂಕುಗಳಿವೆ. ಸದಸ್ಯ ಬ್ಯಾಂಕುಗಳು ಅವುಗಳ ಷೇರು ಕೊಳ್ಳುತ್ತವೆ, ನಿರ್ದೇಶಕರಲ್ಲಿ ಕೆಲವರನ್ನು ಆರಿಸುತ್ತವೆ. ನಮ್ಮಲ್ಲಿ ಆ ಅರ್ಥದ ಸದಸ್ಯತ್ವವಿಲ್ಲ. ಆರ್‌ಬಿಐಯ ಬೆಂಗಳೂರು ಕಚೇರಿ ಪ್ರತ್ಯೇಕ ಬ್ಯಾಂಕಲ್ಲ, ಮುಂಬೈಯದೇ ಒಂದು ಕೈ.

ಬ್ಯಾಂಕುಗಳ ಮೇಲೆ ಕಣ್ಣಿಡಲೆಂದೇ ಕೇಂದ್ರ ಮಂಡಳಿ 1994ರ ನವೆಂಬರಿನಲ್ಲಿ ತನ್ನೊಳಗೇ ಒಂದು ಸಮಿತಿ ಮಾಡಿಕೊಂಡಿತು. ಹೆಸರು ಹಣಕಾಸು ಮೇಲ್ವಿಚಾರಣಾ ಮಂಡಳಿ. ಗವರ್ನರ್ ಅದರ ಅಧ್ಯಕ್ಷರು. ಡೆಪ್ಯುಟಿ ಗವರ್ನರುಗಳ ಜೊತೆ ಕೇಂದ್ರ ಮಂಡಳಿಯ ನಾಲ್ವರು ನಿರ್ದೇಶಕರು ಇರುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೇರಿ, ತಪಾಸಣೆಯ ವರದಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಬ್ಯಾಂಕಿಗೆ ಸ್ವಂತ ಬಂಡವಾಳ ಎಷ್ಟಿದೆ, ಕೊಟ್ಟ ಸಾಲ ವಾಪಸು ಬರುತ್ತಿದೆಯೇ, ನಡೆಸುವವರು ಎಂಥವರು, ಗ್ರಾಹಕ ದುಡ್ಡು ಕೇಳಿದ ದಿನ ಎಣಿಸಿ ಕೊಡುವ ತಾಕತ್ತಿದೆಯೇ? ತಪಾಸಣೆಯಲ್ಲಿ ನೋಡುವುದು ಮುಖ್ಯವಾಗಿ ಇವನ್ನೇ.

ಇನ್ನು ಚಳ್ಳಕೆರೆಗೆ ಇಳಿಯೋಣ. ಇಲ್ಲಿನ ಗ್ರಾಮೀಣ ಬ್ಯಾಂಕಿನ ಹಳೆಯ ಪಾಸ್‌ಬುಕ್ಕುಗಳನ್ನು ಸಾಲಾಗಿ ಜೋಡಿಸಿದರೆ ಅದೇ ಒಂದು ಚರಿತ್ರೆ. ಮೊದಲು ಕೆನರಾ ಬ್ಯಾಂಕ್ ಪ್ರಾಯೋಜಿಸಿದ್ದ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್. 2005ರಲ್ಲಿ ಅದು ತುಂಗಭದ್ರಾ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳೊಂದಿಗೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಕೂಡಿಕೊಂಡು ಪ್ರಗತಿ ಕೃಷ್ಣಾ ಎನಿಸಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಬೆರೆತು ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇದರಲ್ಲಿ ವಿಲೀನಗೊಂಡಿತು. ಈಗ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ಅದೇ ದಿನ ದೇಶದ ಗ್ರಾಮೀಣ ಬ್ಯಾಂಕುಗಳ ಸಂಖ್ಯೆ 43ರಿಂದ 28ಕ್ಕೆ ಇಳಿಯಿತು.

ಬೋರ್ಡು ಇಷ್ಟು ಸಲ ಬದಲಾದರೂ ಒಳಗಿನ ಚೌಕಟ್ಟು ಬದಲಾಗಲಿಲ್ಲ. ಗ್ರಾಮೀಣ ಬ್ಯಾಂಕುಗಳಿಗೆಂದು ಸುಗ್ರೀವಾಜ್ಞೆ ಬಂದದ್ದು 1975ರ ಸೆಪ್ಟೆಂಬರ್ 26ರಂದು. ಅಕ್ಟೋಬರ್ 2ಕ್ಕೆ ಮೊದಲ ಐದು ಬ್ಯಾಂಕುಗಳು ತೆರೆದವು. ಅವುಗಳಲ್ಲಿ ಒಂದಾದ ಮೊರಾದಾಬಾದಿನ ‘ಪ್ರಥಮಾ’ವನ್ನು ಪ್ರಾಯೋಜಿಸಿದ್ದು ನಮ್ಮ ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. 1976ರ ಕಾಯ್ದೆಯ ಪ್ರಕಾರ ಬಂಡವಾಳದಲ್ಲಿ ಕೇಂದ್ರ ಸರ್ಕಾರಕ್ಕೆ ಶೇ 50, ರಾಜ್ಯಕ್ಕೆ ಶೇ 15, ಪ್ರಾಯೋಜಕ ಬ್ಯಾಂಕಿಗೆ ಶೇ 35 ಪಾಲು. ನಿರ್ದೇಶಕರ ಮಂಡಳಿಯಲ್ಲಿ ಇವರೆಲ್ಲರ ಪ್ರತಿನಿಧಿಗಳ ಜೊತೆಗೆ ಆರ್‌ಬಿಐಯ ಒಬ್ಬ ಅಧಿಕಾರಿ, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡಿನ ಒಬ್ಬ ಅಧಿಕಾರಿಗೂ ಕುರ್ಚಿ ಇದೆ. ಕಾವಲುಗಾರ ಹೊರಗೆ ನಿಂತು ನೋಡುವುದಷ್ಟೇ ಅಲ್ಲ, ಪಂಕ್ತಿಯಲ್ಲೂ ಕೂತಿರುತ್ತಾನೆ.

ಹೊರಗಿನ ತಪಾಸಣೆಯನ್ನು ಇಲ್ಲಿ ಮಾಡುವುದು ಆರ್‌ಬಿಐ ಅಲ್ಲ, 1982ರಲ್ಲಿ ಹುಟ್ಟಿದ ನಬಾರ್ಡ್. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ನೇ ಕಲಮು ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕು, ರಾಜ್ಯ ಸಹಕಾರಿ ಬ್ಯಾಂಕುಗಳ ತಪಾಸಣೆಯ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. ಸಹಕಾರಿ ಬ್ಯಾಂಕುಗಳಿಗೆ ಲೈಸೆನ್ಸ್ ಕೊಡುವುದು, ಕಿತ್ತುಕೊಳ್ಳುವುದು, ತಪ್ಪಿದ ಬ್ಯಾಂಕಿಗೆ ದಂಡ ಹಾಕುವುದು ಆರ್‌ಬಿಐಯದೇ. ಒಟ್ಟಿನಲ್ಲಿ, ನೋಡುವ ಕಣ್ಣು ಒಬ್ಬರದು, ಬೆತ್ತ ಇನ್ನೊಬ್ಬರದು.

ಈ ನಿಯಮಗಳೆಲ್ಲ ಒಣ ಕಾಗದವೆಂದು ಕಾಣುವುದು ಮಳೆ ಬರುತ್ತಿರುವ ತನಕ ಮಾತ್ರ. ಮಳೆ ಕೈಕೊಟ್ಟ ವರ್ಷ ಅವುಗಳ ಬೆಲೆ ತಿಳಿಯುತ್ತದೆ. ಚಳ್ಳಕೆರೆ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಕಡೆಗಳಲ್ಲಿ ಒಂದು. ಸಾಮಾನ್ಯ ಸಾಲದ ಕಂತು 90 ದಿನ ಬಾಕಿ ಉಳಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಶೇಂಗಾದಂಥ ಅಲ್ಪಾವಧಿ ಬೆಳೆಯ ಸಾಲಕ್ಕೆ ಆ ಲೆಕ್ಕ ನಡೆಯದು. ಎರಡು ಬೆಳೆ ಹಂಗಾಮು ಬಾಕಿ ಉಳಿದ ಮೇಲಷ್ಟೇ ಎನ್‌ಪಿಎ. ಬರ ಬಿದ್ದು ಶೇ 33ಕ್ಕಿಂತ ಹೆಚ್ಚು ಬೆಳೆ ಹೋದರೆ ಬೆಳೆಸಾಲವನ್ನು ಎರಡು ವರ್ಷದವರೆಗೆ, ಅರ್ಧಕ್ಕರ್ಧ ಹೋದರೆ ಐದು ವರ್ಷದವರೆಗೆ ಕಂತಿಗೆ ಹಾಕಿಕೊಡಲು ಆರ್‌ಬಿಐಯ 2018ರ ನಿರ್ದೇಶನ ದಾರಿ ಮಾಡಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರಂಥ ವರ್ಷದಲ್ಲಿ ಈ ಎರಡು ಸಾಲಿನ ನಿಯಮ ಎಷ್ಟು ಮನೆಗಳಿಗೆ ಉಸಿರು ಕೊಡಬಲ್ಲದು ಎಂಬುದನ್ನು ರೈತನಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಅಡಮಾನವಿಲ್ಲದ ಕೃಷಿ ಸಾಲದ ಮಿತಿ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿದ್ದೂ (2025ರ ಜನವರಿ 1ರಿಂದ) ಇಂಥದೇ ಒಂದು ಸುತ್ತೋಲೆಯಿಂದ.

ಸಹಕಾರಿ ಬ್ಯಾಂಕುಗಳ ಕತೆ ಸ್ವಲ್ಪ ತೊಡಕಿನದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದಾಗ ಆರ್‌ಬಿಐ ಇರಲೇ ಇಲ್ಲ. ಸಹಕಾರಿ ಬ್ಯಾಂಕುಗಳು ಅದರ ಹಿಡಿತಕ್ಕೆ ಬಂದದ್ದು 1966ರ ಮಾರ್ಚ್ 1ರಂದು. ಅಂದಿನಿಂದ ಇಬ್ಬರು ಯಜಮಾನರು: ನೋಂದಣಿ, ಚುನಾವಣೆಗೆ ರಾಜ್ಯದ ಸಹಕಾರ ಇಲಾಖೆ, ಬ್ಯಾಂಕಿಂಗ್ ವ್ಯವಹಾರಕ್ಕೆ ಆರ್‌ಬಿಐ. 2020ರ ತಿದ್ದುಪಡಿ ಆರ್‌ಬಿಐಯ ಕೈ ಬಲಪಡಿಸಿತು. ಡಿಸಿಸಿ ಬ್ಯಾಂಕುಗಳಿಗೆ ಅದು 2021ರ ಏಪ್ರಿಲ್ 1ರಿಂದ ಅನ್ವಯವಾಯಿತು.

ಕಾವಲಿದ್ದರೂ ಮನೆ ಸೋರುವುದುಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿತು. ಮೊದಲಿಗೆ ಗ್ರಾಹಕರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ದುಡ್ಡನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತರು. ತಪಾಸಣೆ ತಡವಾದರೆ ಅದರ ಬೆಲೆ ತೆರುವವನು ಠೇವಣಿದಾರನೇ. ಆ ಹೊತ್ತಿಗೆ ಆಸರೆಯಾಗುವುದು ಠೇವಣಿ ವಿಮೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ, 1962ರಲ್ಲಿ, 1,500 ರೂಪಾಯಿ ಮಿತಿಯೊಂದಿಗೆ ಆರಂಭವಾದ ಈ ವಿಮೆ 2020ರ ಫೆಬ್ರುವರಿ 4ರಿಂದ 5 ಲಕ್ಷ ರೂಪಾಯಿಗೆ ಏರಿದೆ. ನಿರ್ಬಂಧ ಬಿದ್ದ ಬ್ಯಾಂಕಿನ ಠೇವಣಿದಾರರಿಗೆ 90 ದಿನದೊಳಗೆ ವಿಮೆಯ ಹಣ ಸಿಗಬೇಕೆಂದು 2021ರಲ್ಲಿ ಕಾನೂನು ತಿದ್ದಲಾಯಿತು.

ಆದರೆ ಈ ಆಸರೆ ಬ್ಯಾಂಕುಗಳಿಗೆ ಮಾತ್ರ. ಊರಿನ ಕೃಷಿ ಪತ್ತಿನ ಸಂಘ, ಪೇಟೆಯ ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿ ಇವು ಠೇವಣಿ ಪಡೆದರೂ ಲೈಸೆನ್ಸ್ ಇಲ್ಲದಿದ್ದರೆ ಬ್ಯಾಂಕುಗಳಲ್ಲ. ಆರ್‌ಬಿಐಯ ತಪಾಸಣೆಯಾಗಲಿ, 5 ಲಕ್ಷದ ವಿಮೆಯಾಗಲಿ ಅವಕ್ಕಿಲ್ಲ. ಅವುಗಳ ಲೆಕ್ಕ ನೋಡುವುದು ರಾಜ್ಯದ ಸಹಕಾರ ಕಾನೂನುಗಳ ಅಡಿಯ ವ್ಯವಸ್ಥೆ. ಗಾಜಿನ ಬಾಗಿಲು, ಕೌಂಟರು, ಪಾಸ್‌ಬುಕ್ಕು ಎಲ್ಲವೂ ಬ್ಯಾಂಕಿನಂತೆಯೇ ಇರುವುದರಿಂದ ಗ್ರಾಹಕ ಮೋಸಹೋಗುವುದು ಇಲ್ಲೇ.

ಆದ್ದರಿಂದ ಮುಂದಿನ ಸಲ ಠೇವಣಿ ಇಡುವ ಮುನ್ನ ಕೌಂಟರಿನಲ್ಲಿ ಎರಡು ಮಾತು ಕೇಳಿ: ಆರ್‌ಬಿಐ ಲೈಸೆನ್ಸ್ ಇದೆಯೇ, ಠೇವಣಿಗೆ ವಿಮೆ ಇದೆಯೇ. ಗ್ರಾಮೀಣ ಬ್ಯಾಂಕಿನ ಸೇವೆಯಲ್ಲಿ ತಕರಾರಿದ್ದರೆ ಮೊದಲು ಶಾಖೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐಯ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ವಿಚಾರಿಸಲು ಕರೆ ಮಾಡಬೇಕಾದ ಸಂಖ್ಯೆ 14448. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.