ಮುಟ್ಟಿ ಕಲಿಯುವ ವಾಸ್ತುಶಿಲ್ಪ

ನನ್ನ ಅಜ್ಜಿಗೆ ಕಣ್ಣು ಕಾಣದು. ಆದರೂ ಹಳೆಯ ಮನೆಯಲ್ಲಿ ಅವರು ಯಾರ ಆಸರೆಯೂ ಇಲ್ಲದೆ ಓಡಾಡುತ್ತಿದ್ದರು. ಕಾಲಿಗೆ ತಣ್ಣನೆಯ ಕಲ್ಲು ತಾಕಿದರೆ ನಡುಮನೆ, ಒರಟು ಚಪ್ಪಡಿ ತಾಕಿದರೆ ಹಿತ್ತಿಲು, ಆಡಿದ ಮಾತು ಮಾರ್ದನಿಗೊಟ್ಟರೆ ಪಡಸಾಲೆ. ಕಳೆದ ವರ್ಷ ನಾವು ಹೊಸ ಮನೆ ಕಟ್ಟಿಸಿದೆವು. ಅಲ್ಲಿ ನೆಲವೆಲ್ಲ ಒಂದೇ ನುಣುಪು. ಗೃಹಪ್ರವೇಶವಾದ ಮರುದಿನ ಅಜ್ಜಿ ಮನೆಯ ನಡುವೆ ನಿಂತು, "ಮಗೂ, ನಾನೀಗ ಎಲ್ಲಿದ್ದೀನಿ?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆಗೆ ಕರೆದೊಯ್ದಿತು. ಅಲ್ಲಿ ದೊರೆತ ಜರ್ಮನಿಯ ಕಲಾಶಾಲೆಯೊಂದರ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

1919ರಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು ವೈಮಾರ್ ನಗರದಲ್ಲಿ 'ಬೌಹೌಸ್' ಎಂಬ ಶಾಲೆಯನ್ನು ಸ್ಥಾಪಿಸಿದನು. ಅಲ್ಲಿಯ ವಿದ್ಯಾರ್ಥಿಗಳು ಮರಗೆಲಸ, ನೇಯ್ಗೆ ಮೊದಲಾದ ಕಸುಬುಗಳನ್ನು ಹಿಡಿಯುವ ಮುನ್ನ ಒಂದು ಪ್ರವೇಶ ಪಾಠವನ್ನು ಮುಗಿಸಬೇಕಾಗಿತ್ತು. ಅದನ್ನು ಮೊದಲು ಕಲಿಸಿದವನು ಯೋಹಾನೆಸ್ ಇಟ್ಟೆನ್. 1923ರಲ್ಲಿ ಹಂಗೆರಿಯ ಲಾಸ್ಲೋ ಮೊಹೋಲಿ-ನಾಜ್ ಆ ಶಾಲೆಗೆ ಬಂದನು.

ಈತನ ಪಾಠಕ್ರಮ ವಿಚಿತ್ರವಾದುದು. ಶಿಷ್ಯರು ಬಟ್ಟೆ, ಲೋಹ, ಮರ, ಉಪ್ಪುಕಾಗದ ಮುಂತಾದವುಗಳನ್ನು ಹಲಗೆಯ ಮೇಲೆ ಕ್ರಮವಾಗಿ ಜೋಡಿಸಿ, ಕಣ್ಣು ಮುಚ್ಚಿ ಬೆರಳಾಡಿಸಿ ಪರೀಕ್ಷಿಸುತ್ತಿದ್ದರು. ನುಣುಪಿನಿಂದ ಒರಟಿಗೆ, ಮೆದುವಿನಿಂದ ಗಡುಸಿಗೆ ಬೆರಳು ಹೇಗೆ ಸಾಗುತ್ತದೆ ಎಂಬುದೇ ಅಲ್ಲಿಯ ಅಭ್ಯಾಸ. ಒಟ್ಟಿ ಬರ್ಗರ್ ಎಂಬ ವಿದ್ಯಾರ್ಥಿನಿ 1928ರಲ್ಲಿ ಬಗೆಬಗೆಯ ನೂಲುಗಳಿಂದ ಮಾಡಿದ ಸ್ಪರ್ಶಫಲಕವು ಇಂದಿಗೂ ಪ್ರಸಿದ್ಧವಾಗಿದೆ. ಆಕೆಗೆ ಕಿವಿ ಮಂದವಾಗಿತ್ತೆಂಬುದನ್ನು ನೆನೆದರೆ ಆ ಫಲಕದ ಬೆಲೆ ಇನ್ನೂ ಹೆಚ್ಚುತ್ತದೆ. ಯೆಹೂದ್ಯಳಾದ ಆಕೆಯನ್ನು ನಾಜಿಗಳು 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು.

ಬೆರಳಿನ ಈ ಅಭ್ಯಾಸಕ್ಕೂ ಮನೆ ಕಟ್ಟುವುದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. 1929ರಲ್ಲಿ ಪ್ರಕಟವಾದ ತನ್ನ ಗ್ರಂಥಕ್ಕೆ ಮೊಹೋಲಿ-ನಾಜ್ ಇಟ್ಟ ಹೆಸರಿನ ಅರ್ಥ 'ವಸ್ತುವಿನಿಂದ ವಾಸ್ತುಶಿಲ್ಪಕ್ಕೆ' ಎಂದು. ಮೊದಲು ವಸ್ತುವಿನ ಗುಣವನ್ನು ಕೈ ಅರಿಯಬೇಕು, ಆಮೇಲೆ ಗಾತ್ರ, ಕೊನೆಗೆ ಗಾತ್ರಗಳ ನಡುವಣ ತೆರವು. ಆ ತೆರವನ್ನು ಕಣ್ಣು ಮಾತ್ರವೇ ಅರಿಯುವುದೆಂದು ಅವನು ಒಪ್ಪಲಿಲ್ಲ. ಧ್ವನಿಯಿಂದ ಕಿವಿ, ನಡಿಗೆಯಿಂದ ಕಾಲು, ಸಮತೋಲದಿಂದ ಇಡೀ ದೇಹ ಅದನ್ನು ತಿಳಿಯುತ್ತವೆ ಎಂಬುದು ಅವನ ವಾದ. ಆದ್ದರಿಂದ ಕಟ್ಟುವವನ ಇಂದ್ರಿಯಗಳೆಲ್ಲವೂ ಶಿಕ್ಷಣ ಪಡೆಯಬೇಕು.

ನಾಜಿಗಳ ಒತ್ತಡದಿಂದ ಆ ಶಾಲೆ 1933ರಲ್ಲಿ ಮುಚ್ಚಿತು. ಮೊಹೋಲಿ-ನಾಜ್ 1937ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹೊಸ ಬೌಹೌಸನ್ನು ತೆರೆದು, ಅಲ್ಲಿಯೂ ಸ್ಪರ್ಶದ ಪಾಠವನ್ನು ಮುಂದುವರಿಸಿದನು.

ಇದನ್ನೆಲ್ಲ ಓದಿದ ಮೇಲೆ ನಮ್ಮ ಹೊಸ ಮನೆಯ ತಪ್ಪು ನನಗೆ ಅರ್ಥವಾಯಿತು. ನಾವು ಅದನ್ನು ನೋಡುವವರಿಗಾಗಿ ಮಾತ್ರ ಕಟ್ಟಿಸಿದ್ದೆವು. ಈಗ ಅಡುಗೆಮನೆಯ ಬಾಗಿಲಲ್ಲಿ ಒರಟು ಕಲ್ಲಿನ ಪಟ್ಟಿಯೊಂದನ್ನು ಕೂರಿಸಿದ್ದೇವೆ; ದೇವರಮನೆಯ ಚೌಕಟ್ಟಿಗೆ ನಾರಿನ ಹಗ್ಗ ಸುತ್ತಿದ್ದೇವೆ. ಅಜ್ಜಿ ಅವನ್ನು ಮುಟ್ಟಿ ಮುಂದೆ ನಡೆಯುತ್ತಾರೆ. ಕಣ್ಣಿದ್ದೂ ಮನೆಯನ್ನು ಅರಿಯದಿದ್ದ ನನಗೆ ಅದೇ ಮೊದಲ ಪಾಠವಾಯಿತು.