ದುಃಸ್ವಪ್ನವೂ ನಿದ್ರಾಭೀತಿಯೂ: ಒಂದೇ ಮಾತಿನೊಳಗಿನ ಎರಡು ಬಾಧೆಗಳು

ನಿದ್ರೆಯಲ್ಲಿ ಉಂಟಾಗುವ ಭಯವನ್ನು ಹೇಳಲು ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿರುವ ಮಾತು ‘ಬೆಚ್ಚಿ ಬೀಳುವುದು’. ಗಡಿಯಾಚೆಯ ಕನ್ನಡಿಗರು ವೈದ್ಯರ ಮುಂದೆ ಇದನ್ನು ಬಹುತೇಕ ಆಯಾ ರಾಜ್ಯದ ಭಾಷೆಗೆ ಹೊರಳಿಸಿ ಹೇಳಬೇಕಾಗುತ್ತದೆ. ಸೊಲ್ಲಾಪುರದಲ್ಲಿ ಅದು ಮರಾಠಿಯ ‘ದಚಕಣೆ’ಯಾಗುತ್ತದೆ, ಕಾಸರಗೋಡಿನಲ್ಲಿ ಮಲಯಾಳದ ‘ಞೆಟ್ಟಲ್’, ತಾಳವಾಡಿಯಲ್ಲಿ ತಮಿಳಿನ ‘ತಿಡುಕ್ಕಿಡುದಲ್’, ಆದೋನಿಯಲ್ಲಿ ತೆಲುಗಿನ ‘ಉಲಿಕ್ಕಿಪಡಟಂ’ ಆಗುತ್ತದೆ. ಅನುವಾದದಲ್ಲಿ ತಪ್ಪಿಲ್ಲ. ಆದರೆ ಈ ಐದೂ ಮಾತುಗಳು ಹೇಳುವುದು ಪಕ್ಕದಲ್ಲಿದ್ದವರು ಕಂಡ ಮೈಯ ಚಲನೆಯನ್ನು ಮಾತ್ರ. ಮಲಗಿದವರು ಕನಸು ಕಾಣುತ್ತಿದ್ದರೇ, ಪೂರ್ಣವಾಗಿ ಎಚ್ಚರಗೊಂಡರೇ, ಬೆಳಗ್ಗೆ ಅದು ನೆನಪಿನಲ್ಲಿತ್ತೇ ಎಂಬ ಸಂಗತಿಗಳು ಈ ಮಾತುಗಳ ಹೊರಗೇ ಉಳಿಯುತ್ತವೆ. ವೈದ್ಯಶಾಸ್ತ್ರವು ದುಃಸ್ವಪ್ನವನ್ನೂ ನಿದ್ರಾಭೀತಿಯನ್ನೂ ಬೇರ್ಪಡಿಸುವುದು ಈ ಸಂಗತಿಗಳ ಬಲದಿಂದಲೇ. ಎರಡರ ಉಪಚಾರವೂ ಬೇರೆ ಬೇರೆಯಾದುದರಿಂದ ಇದು ಕೇವಲ ಪಾರಿಭಾಷಿಕ ಪ್ರಶ್ನೆಯಲ್ಲ.

ಈ ಭೇದದ ಶಾರೀರಿಕ ಆಧಾರ ಸ್ಪಷ್ಟವಾದದ್ದು ಕಳೆದ ಶತಮಾನದಲ್ಲಿ. ಕಣ್ಣುಗುಡ್ಡೆಗಳು ತೀವ್ರವಾಗಿ ಚಲಿಸುವ ಒಂದು ನಿದ್ರಾವಸ್ಥೆಯಿದ್ದು, ಅದಕ್ಕೂ ಕನಸಿಗೂ ಸಂಬಂಧವಿದೆಯೆಂದು 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಪ್ರಕಟಿಸಿದರು. ವಯಸ್ಕರಲ್ಲಿ ನಿದ್ರೆಯು ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಗಾಢನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಮೂರನೆಯ ಒಂದು ಭಾಗದಲ್ಲಿಯೂ ಚಲನೇತ್ರ ನಿದ್ರೆಯ ಹೆಚ್ಚಿನ ಪಾಲು ಬೆಳಗಿನ ಜಾವದ ಕಡೆಗೂ ಬೀಳುತ್ತದೆ. ನಿದ್ರೆಯಲ್ಲಿ ನಡೆಯುವುದು, ಚೀರಿ ಏಳುವುದು ಮುಂತಾದವು ಕನಸಿನ ಫಲಗಳಲ್ಲ, ಗಾಢನಿದ್ರೆಯಿಂದ ಅರೆಬರೆಯಾಗಿ ಎಚ್ಚರಗೊಳ್ಳುವ ಸ್ಥಿತಿಗಳು ಎಂದು 1968ರಲ್ಲಿ ರೋಜರ್ ಬ್ರಾಟನ್ ವಾದಿಸಿದರು.

ದುಃಸ್ವಪ್ನವು ಸಾಮಾನ್ಯವಾಗಿ ರಾತ್ರಿಯ ಉತ್ತರಾರ್ಧದ ಚಲನೇತ್ರ ನಿದ್ರೆಗೆ ಸೇರಿದುದು. ಅದನ್ನು ಕಂಡವರು ಪೂರ್ಣ ಎಚ್ಚರಗೊಳ್ಳುತ್ತಾರೆ, ತಾವೆಲ್ಲಿರುವೆವೆಂದು ಬೇಗ ಅರಿಯುತ್ತಾರೆ, ಕಂಡುದನ್ನು ವಿವರವಾಗಿ ಹೇಳಬಲ್ಲರು. ಮರಳಿ ಮಲಗಲು ಅಂಜುತ್ತಾರೆ. ನಿದ್ರಾಭೀತಿಯು ಮಲಗಿದ ಒಂದೆರಡು ಗಂಟೆಗಳೊಳಗೆ, ಬಹುಮಟ್ಟಿಗೆ ಮಕ್ಕಳಲ್ಲಿ, ಕಾಣಿಸಿಕೊಳ್ಳುತ್ತದೆ. ಮಗು ಥಟ್ಟನೆ ಎದ್ದು ಕುಳಿತು ಚೀರುತ್ತದೆ, ಬೆವರುತ್ತದೆ, ಎದೆ ವೇಗವಾಗಿ ಬಡಿಯುತ್ತದೆ. ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸದು, ಎತ್ತಿಕೊಳ್ಳಹೋದರೆ ತಳ್ಳುತ್ತದೆ. ಕೆಲವು ನಿಮಿಷಗಳ ಬಳಿಕ ಏನೂ ಆಗದಂತೆ ಮಲಗುತ್ತದೆ. ಬೆಳಗ್ಗೆ ಅದಕ್ಕೆ ನೆನಪಿರುವುದಿಲ್ಲ. ಭಯ ಉಳಿಯುವುದು ಕಂಡ ಹಿರಿಯರಲ್ಲಿ.

‘ಕನವರಿಸು’ ಎಂಬ ಮಾತು ಈ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪದದ ಆರಂಭದಲ್ಲಿಯೇ ‘ಕನಸಿ’ನ ದನಿ ಕೇಳುವುದರಿಂದ, ನಿದ್ರೆಯಲ್ಲಿ ಮಾತನಾಡುವವರು ಏನನ್ನೋ ಕಾಣುತ್ತಿದ್ದಾರೆಂದೇ ಕೇಳುಗರು ಭಾವಿಸುತ್ತಾರೆ. ನಿದ್ರೆಯ ಮಾತು ಎಲ್ಲ ಹಂತಗಳಲ್ಲಿಯೂ, ಕನಸಿನ ನೆನಪೇ ಉಳಿಯದ ಗಾಢನಿದ್ರೆಯಲ್ಲಿಯೂ, ಹೊರಡಬಲ್ಲುದು. ಆದುದರಿಂದ ನಿದ್ರಾಭೀತಿಗೊಳಗಾದ ಮಗುವನ್ನು ಬೆಳಗ್ಗೆ ಕೂರಿಸಿಕೊಂಡು ‘ಏನು ಕಂಡೆ, ಯಾರು ಬಂದಿದ್ದರು’ ಎಂದು ಪೀಡಿಸುವುದರಿಂದ ಪ್ರಯೋಜನವಿಲ್ಲ. ಇಲ್ಲದ ಕನಸನ್ನು ಕಟ್ಟಿಕೊಡುವಂತೆ ಮಗುವನ್ನು ಒತ್ತಾಯಿಸಿದಂತಾಗುತ್ತದೆ. ಮಲಗುವ ಹೊತ್ತಿನ ಅಂಜಿಕೆಯೂ ಹೊಸದಾಗಿ ಹುಟ್ಟಬಹುದು.

ನಿದ್ರಾಭೀತಿಯ ವೇಳೆಯಲ್ಲಿ ಮಗುವನ್ನು ಅಲುಗಿಸಿ, ಮುಖಕ್ಕೆ ನೀರೆರಚಿ ಎಬ್ಬಿಸಬಾರದು. ಅದರಿಂದ ಗಲಿಬಿಲಿ ದೀರ್ಘವಾಗುತ್ತದೆ. ಬೀಳದಂತೆ, ತಗುಲಿಸಿಕೊಳ್ಳದಂತೆ ಕಾಯ್ದು, ಮೆಲುದನಿಯಲ್ಲಿ ಸಂತೈಸಿದರೆ ಸಾಕು. ನಿದ್ರೆಯ ಕೊರತೆ, ಜ್ವರ, ತುಂಬಿದ ಮೂತ್ರಕೋಶ, ಗೊರಕೆಯೊಡನೆ ಬರುವ ಉಸಿರಾಟದ ತಡೆ ಇವು ಅದನ್ನು ಕೆರಳಿಸುತ್ತವೆ. ಮನೆಯ ಹಿರಿಯರಲ್ಲಿ ನಿದ್ರಾನಡಿಗೆಯೋ ನಿದ್ರಾಭೀತಿಯೋ ಇದ್ದರೆ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಪ್ರತಿದಿನವೂ ಒಂದೇ ಹೊತ್ತಿಗೆ ಬರುವಂತಿದ್ದರೆ, ಆ ಹೊತ್ತಿಗೆ 15–30 ನಿಮಿಷ ಮೊದಲೇ ಮಗುವನ್ನು ಮೃದುವಾಗಿ ಎಚ್ಚರಿಸಿ ಮತ್ತೆ ಮಲಗಿಸುವ ಕ್ರಮವನ್ನು ಕೆಲವು ವಾರ ಅನುಸರಿಸಬಹುದು. ಹರೆಯದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ. ದೃಷ್ಟಿ ತೆಗೆಯುವುದು, ತಾಯಿತ ಕಟ್ಟುವುದು ಮನೆಯವರಿಗೆ ಧೈರ್ಯ ನೀಡಬಹುದು. ಆದರೆ ಮಗುವಿಗೆ ‘ಏನೋ ಹಿಡಿದಿದೆ’ ಎಂಬ ಹೆಸರು ಅಂಟಿದರೆ, ತಾನಾಗಿ ಹೋಗಬಹುದಾದ ಬಾಧೆ ಬಹುಕಾಲದ ಕಳಂಕವಾಗುತ್ತದೆ.

ಮರುಕಳಿಸುವ ದುಃಸ್ವಪ್ನದ ಮಾರ್ಗ ಇದಕ್ಕೆ ವಿರುದ್ಧವಾದುದು. ಇಲ್ಲಿ ಕನಸಿನ ನೆನಪೇ ಚಿಕಿತ್ಸೆಯ ಸಾಮಗ್ರಿ. ಪ್ರತಿಮಾ ಪುನರಭ್ಯಾಸವೆನ್ನಬಹುದಾದ ಕ್ರಮದಲ್ಲಿ, ಹಗಲು ಪೂರ್ಣ ಎಚ್ಚರದಲ್ಲಿ ಕನಸನ್ನು ಬರೆದು, ಅದನ್ನು ತನಗೆ ಬೇಕಾದಂತೆ ಬದಲಿಸಿ, ಹೊಸ ಕಥನವನ್ನು ದಿನವೂ 10–20 ನಿಮಿಷ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಹಳೆಯ ಕನಸನ್ನಲ್ಲ, ಬದಲಿಸಿದುದನ್ನೇ ಅಭ್ಯಸಿಸಬೇಕೆಂಬುದು ಮುಖ್ಯ. ಲೈಂಗಿಕ ದೌರ್ಜನ್ಯದಿಂದ ಬದುಕುಳಿದ 168 ಮಹಿಳೆಯರನ್ನೊಳಗೊಂಡು ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು ನಡೆಸಿದ, 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕ್ರಮದಿಂದ ದುಃಸ್ವಪ್ನಗಳು ಕಡಿಮೆಯಾದವು, ನಿದ್ರೆ ಸುಧಾರಿಸಿತು. ಪ್ರಾಜೋಸಿನ್ ಎಂಬ ರಕ್ತದೊತ್ತಡದ ಔಷಧಿಯ ಬಗ್ಗೆ ಇದ್ದ ಭರವಸೆಯು, 304 ಮಾಜಿ ಸೈನಿಕರನ್ನು ಕುರಿತ 2018ರ ಪ್ರಯೋಗದಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ಫಲ ಕಾಣದೆ ಹೋದಾಗ ಕುಂದಿತು.

ದ್ವಿಭಾಷಿಕರಿಗೆ ಇಲ್ಲಿ ಇನ್ನೊಂದು ಪ್ರಶ್ನೆಯಿದೆ: ಕನಸನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುರ್ಕಿ ಮಾತೃಭಾಷೆಯ ದ್ವಿಭಾಷಿಕರು ಬಾಲ್ಯದ ಗದರಿಕೆಗಳನ್ನು ತುರ್ಕಿಯಲ್ಲಿ ಕೇಳಿದಾಗ ಅವರ ಚರ್ಮದ ವಿದ್ಯುತ್ ಪ್ರತಿಕ್ರಿಯೆಯು ಇಂಗ್ಲಿಷಿನಲ್ಲಿ ಕೇಳಿದಾಗಿನದಕ್ಕಿಂತ ಪ್ರಬಲವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ಮರಾಠಿ ಅಥವಾ ಮಲಯಾಳ ಬಳಸುವವರಿಗೆ ಇದು ದಾರಿ ತೋರುತ್ತದೆ. ಕನಸು ತೀರ ನೋಯಿಸುವಂತಿದ್ದರೆ ಎರಡನೆಯ ಭಾಷೆ ಮೊದಲ ಬರವಣಿಗೆಗೆ ಬೇಕಾದ ದೂರವನ್ನು ಕೊಡಬಹುದು. ಬದಲಿಸಿದ ಕಥನ ಮನಸ್ಸಿಗಿಳಿಯಲು ತಾಯ್ನುಡಿಯೇ ಹೆಚ್ಚು ಸಮರ್ಥವಾಗಬಹುದು. ಈ ಆಯ್ಕೆ ಚಿಕಿತ್ಸಕರ ಅನುಕೂಲಕ್ಕೆ ಅಧೀನವಾಗದೆ ಬಾಧಿತರದ್ದಾಗಿರಬೇಕು.

ಕೆಲವು ಲಕ್ಷಣಗಳು ಕಂಡಾಗ ತಡಮಾಡಬಾರದು. ನಡುವಯಸ್ಸು ದಾಟಿದವರು ಕನಸಿನಂತೆಯೇ ಒದೆಯುವುದು, ಹೊಡೆಯುವುದು ಪಾರ್ಕಿನ್ಸನ್ ಮುಂತಾದ ರೋಗಗಳ ಮುನ್ಸೂಚನೆಯಾಗಿರಬಲ್ಲುದು. ಒಂದೇ ರಾತ್ರಿಯಲ್ಲಿ ಹಲವು ಬಾರಿ, ಒಂದೇ ಬಗೆಯ ಚಲನೆಗಳೊಡನೆ ಬರುವ ಪ್ರಸಂಗಗಳು ಅಪಸ್ಮಾರವಿರಬಹುದು. ಪ್ರೊಪ್ರನೊಲಾಲ್‌ನಂಥ ಔಷಧಿಗಳಿಂದಲೂ, ದೀರ್ಘಕಾಲದ ಮದ್ಯಪಾನವನ್ನು ಹಠಾತ್ತನೆ ನಿಲ್ಲಿಸುವುದರಿಂದಲೂ ದುಃಸ್ವಪ್ನಗಳು ಹೆಚ್ಚಬಲ್ಲವು. ಮಾತಿನ ತೊಡಕನ್ನು ದಾಟಲು ಮೊಬೈಲಿನಲ್ಲಿ ಹಿಡಿದ ಎರಡು ನಿಮಿಷದ ದೃಶ್ಯವೂ ವೈದ್ಯರಿಗೆ ಬಹಳ ನೆರವಾಗುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ (14416) ಭಾಷೆಗಳಲ್ಲಿ ಕನ್ನಡವೂ ಒಂದು.

ವೈದ್ಯರ ಮುಂದೆ ‘ಬೆಚ್ಚಿ ಬೀಳುತ್ತಾನೆ’ ಎಂಬ ಒಂದೇ ಮಾತಿಗೆ ಬದಲಾಗಿ ನಾಲ್ಕು ಸಂಗತಿಗಳು ತಲುಪಬೇಕು: ಮಲಗಿದ ಎಷ್ಟು ಹೊತ್ತಿಗೆ ಆಯಿತು, ಮನೆಯವರನ್ನು ಗುರುತಿಸಿದನೇ, ಮರಳಿ ಹೇಗೆ ಮಲಗಿದ, ಬೆಳಗ್ಗೆ ಏನು ನೆನಪಿತ್ತು. ಕನ್ನಡದಲ್ಲಿ ಕಂಡು, ಕನ್ನಡದಲ್ಲಿಯೇ ಗುರುತು ಹಾಕಿಕೊಂಡರೆ ಈ ನಾಲ್ಕನ್ನೂ ಯಾವ ಭಾಷೆಯಲ್ಲಾದರೂ ನಷ್ಟವಿಲ್ಲದೆ ಹೇಳಬಹುದು.